ಹಿಮದ ಬೆಟ್ಟದ ಕಡೆಗೆ ಹದಿನೈದು ನಮಾಜು

ಮಕ್ಕಾ ಬಳಿಯ ತಾಯಿಫಿನ ದ್ರಾಕ್ಷಿ ತೋಟಕ್ಕೆ ಮರಳಿ ಒಂಬತ್ತು ದಿನಗಳಾದರೂ ಇಹ್ಸಾನನಿಗೆ ಅನ್ನ ನೆಟ್ಟಗೆ ಗಂಟಲಿಳಿದಿರಲಿಲ್ಲ. ನೀರಿನ ಕೊಳವೆಗಳನ್ನು ನೋಡಿಕೊಳ್ಳುವುದು ಅವನ ಇಪ್ಪತ್ತೆರಡು ವರ್ಷಗಳ ಕೆಲಸ. ಈಗ ಸರಿಯಿದ್ದ ಕೊಳವೆಯನ್ನೇ ಬಿಚ್ಚುತ್ತಿದ್ದ, ಮತ್ತೆ ಜೋಡಿಸುತ್ತಿದ್ದ.

"ಎಂತ ಮಾರಾಯ, ಜೀವವನ್ನು ಅರ್ಜೆಂಟೀನಾದಲ್ಲೇ ಬಿಟ್ಟು ಬಂದಿದ್ದೀಯಾ?" ಎಂದು ಕೋಣೆಯ ಜೊತೆಗಾರ, ಬಂಟ್ವಾಳದ ನೋಣಯ ಕೆಣಕಿದ. "ನಮಗೆ ಜಿದ್ದಾ ತೋರಿಸುವವರೂ ಇಲ್ಲ!"

ಅರ್ಜೆಂಟೀನಾಕ್ಕೆ ಕರೆದುಕೊಂಡು ಹೋದವನು ತೋಟದ ಒಡೆಯ ಅಬೂ ತುರ್ಕಿ. ಎಪ್ಪತ್ತು ದಾಟಿದ ಮುದುಕ. ಎರಡೂ ಕಣ್ಣುಗಳಿಗೆ ಪೊರೆ. ಕಲ್ಲುನೆಲದಲ್ಲಿ ದ್ರಾಕ್ಷಿ ಬೆಳೆಯುವ ಆ ದೂರದ ಸೀಮೆಯನ್ನು ಕಾಣಬೇಕೆಂಬ ಹಂಬಲ ಅವನದು. "ನನ್ನ ಕಣ್ಣು ನೀನೇ, ಯಲ್ಲಾ, ನಡೆ" ಎಂದು ಇಹ್ಸಾನನನ್ನು ಹೊರಡಿಸಿದ್ದ.

ಅಲ್ಲಿ ಹಿಮ ಕರಗಿದ ನೀರು ಬೀದಿಬದಿಯ ಕಾಲುವೆಗಳಲ್ಲಿ ಹರಿದು ತೋಟ ಸೇರುತ್ತಿತ್ತು. ಹುಳಿವಾಸನೆಯ ನೆಲಮಾಳಿಗೆಯೊಂದರಲ್ಲಿ ಮದ್ಯ ಸುರಿಯಲು ಬಂದಾಗ ಮುದುಕ ಲೋಟಕ್ಕೆ ಅಂಗೈ ಮುಚ್ಚಿ, ಒಂದು ಗೊಂಚಲು ಹಣ್ಣು ಕೇಳಿ ಪಡೆದ. ಆಮೇಲೆ ಆಂಡಿಸ್ ಬೆಟ್ಟಗಳ ಮೇಲಣ ಮರುಭೂಮಿಗೆ ಹತ್ತಿದರು. ಬಿಳಿಯ ಉಪ್ಪುಬಯಲು, ಉಸಿರು ಕಟ್ಟುವ ಎತ್ತರ. ಒಂಟೆಯನ್ನೇ ಹೋಲುವ, ಗೂನಿಲ್ಲದ ಪ್ರಾಣಿಗಳು ಮೇಯುತ್ತಿವೆ ಎಂದು ಇಹ್ಸಾನ್ ಬಣ್ಣಿಸಿದಾಗ, "ಗೂನನ್ನು ಎಲ್ಲಿ ಮರೆತು ಬಂದವೋ!" ಎಂದು ಮುದುಕ ಮಗುವಿನಂತೆ ನಕ್ಕಿದ್ದ.

ಎಡವಟ್ಟಾದದ್ದು ಅಲ್ಲೇ. ಊರಿನ ಹೋಟೆಲಿನಲ್ಲಿ ಫೋನು ತೋರಿಸಿದ ದಿಕ್ಕಿಗೆ ನಮಾಜು ಮಾಡಿದ್ದರು. ಬೆಟ್ಟದ ಮೇಲೆ ನೆಟ್‌ವರ್ಕ್ ಇರಲಿಲ್ಲ. ಉಪ್ಪಿನಂಗಡಿಯಲ್ಲಿ ಹುಟ್ಟಿದಂದಿನಿಂದ ಇಹ್ಸಾನ್ ನಮಾಜಿಗೆ ನಿಂತದ್ದು ಮಕ್ಕಾ ಇರುವ ಪಡುವಣಕ್ಕೆ. ತಾಯಿಫಿನಲ್ಲಿಯೂ ಮಕ್ಕಾ ಪಡುವಣಕ್ಕೇ. ಸೂರ್ಯ ಇಳಿಯುವುದನ್ನು ಕಂಡು, ಯೋಚಿಸದೆ ಹಿಮದ ಬೆಟ್ಟಕ್ಕೆ ಮುಖ ಮಾಡಿ ಚಾಪೆ ಹಾಸಿದ. ಮುದುಕ ಅವನ ಬಲಕ್ಕೆ, ತುಸು ಹಿಂದೆ ನಿಂತ. ಹೀಗೆ ಮೂರು ದಿನ. ಮರಳುವ ವಿಮಾನದ ಪರದೆಯಲ್ಲಿ ಮಕ್ಕಾದ ಬಾಣ ಮೂಡಣಕ್ಕೆ ನೆಟ್ಟಿದ್ದನ್ನು ಕಂಡೊಡನೆ ಇಹ್ಸಾನ್ ಪರದೆಯನ್ನೇ ಆರಿಸಿಬಿಟ್ಟ.

ಮುದುಕನಾದರೋ ಮಸೀದಿಯಲ್ಲಿ ಕಂಡವರಿಗೆಲ್ಲ, "ಆ ಬಯಲಿನಲ್ಲಿ ಮಾಡಿದಂಥ ನಮಾಜು ಜನ್ಮದಲ್ಲಿ ಮಾಡಿರಲಿಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದ. ಆ ಸಂತೋಷವನ್ನು ಒಡೆಯುವುದು ಹೇಗೆ? ಒಡೆದ ಮೇಲೆ ತನ್ನನ್ನು ಕಣ್ಣೆಂದು ನಂಬುವರು ಯಾರು?

"ಹೇಳಿಬಿಡು ಮಾರಾಯ," ಎಂದ ನೋಣಯ, ಎಲ್ಲ ಕೇಳಿ. "ಬೈದರೆ ಬೈಯಲಿ. ತೋಟದ ಪೈಪನ್ನೆಲ್ಲ ನೀನು ಬಿಚ್ಚಿ ಹಾಕುವ ಮೊದಲು ಹೋಗು."

ಆ ಸಂಜೆಯೇ ಇಹ್ಸಾನ್ ಹೋದ. ಮುದುಕ ಚಪ್ಪರದಡಿ ಕುಳಿತು ಗೊಂಚಲುಗಳನ್ನು ಬೆರಳಿನಿಂದ ತಡವುತ್ತಿದ್ದ. ಹೇಳಿ ಮುಗಿಸಿದಾಗ ಆ ಬೆರಳುಗಳು ನಿಂತವು.

"ಎಷ್ಟು?"

"ಹದಿನೈದು, ಅಬೂ ತುರ್ಕಿ."

ಮುದುಕ ಎದ್ದು ತಡವರಿಸುತ್ತ ನಲ್ಲಿಯ ಬಳಿ ಹೋಗಿ ಕೈಕಾಲು ತೊಳೆದ. "ಚಾಪೆ ಹಾಸು. ಎಲ್ಲವನ್ನೂ ಮತ್ತೆ ಮಾಡೋಣ. ನೀನೇ ಮುಂದೆ ನಿಲ್ಲು."

"ನಾನೇ?"

"ತಪ್ಪು ದಾರಿಗೆ ಒಯ್ದವನು ನೀನು. ವಾಪಸು ಕರೆತರಲು ನೋಣಯ ಬರಬೇಕೇನು?"

ಇಹ್ಸಾನ್ ಚಾಪೆ ಬಿಡಿಸಿದ. ಮುಳುಗುವ ಸೂರ್ಯ ಕಣ್ಣಿಗೇ ಹೊಡೆಯುತ್ತಿದ್ದ. ಆದರೂ ಒಮ್ಮೆ ಜೇಬಿನಿಂದ ಫೋನು ತೆಗೆದು ದಿಕ್ಕು ನೋಡಿಕೊಂಡ.