ಕೂಲಿ, ಗಂಡಸು, ಒಂದು

ಯಲ್ಲಾಪುರಕ್ಕೆ ಬಂದ ಮೂರನೇ ದಿನ ನೆಲದೊಳಗಿಂದ ಯಾರೋ ನನ್ನನ್ನು ಕೂಗಿದರು. "ನರ್ಸಬಾಯೇರ, ಆಚೆ ಸರಕೊಂಡು ನಡೀರಿ, ಕಣ್ಣಾಗ ಹೊಟ್ಟು ಬೀಳತೈತಿ!" ನೋಡಿದರೆ ಆಳೆತ್ತರದ ಗುಂಡಿ, ಅದಕ್ಕೆ ಅಡ್ಡಲಾಗಿ ಸಾಗವಾನಿ ದಿಮ್ಮಿ. ಮೇಲೊಬ್ಬ, ಕೆಳಗೊಬ್ಬ ನಿಂತು ಗರಗಸ ಎಳೆಯುತ್ತಿದ್ದರು. ನಮ್ಮ ಹಾವೇರಿ ಕಡೆ ನೆಲ ಅಗೆದು ಹಗೇವು ಮಾಡುವುದು ಜೋಳ ತುಂಬಲಿಕ್ಕೆ. ಇಲ್ಲಿ ಮನುಷ್ಯರನ್ನು ಇಳಿಸಲಿಕ್ಕೆ.

ರಾಜ್ಯ ಒಂದಾದ ಮರುವರ್ಷ ನರ್ಸ್ ಕೆಲಸ ಸಿಕ್ಕಾಗ ಈ ಊರನ್ನು ನಾನೇ ಕೇಳಿ ಪಡೆದೆ. ನನಗೆ ನಾಲ್ಕು ವರ್ಷವಿದ್ದಾಗ ಅಪ್ಪ ಗರಗಸ ಹೊತ್ತು ಇದೇ ಕಾಡಿಗೆ ಬಂದಿದ್ದ. ಹೋಳಿ ಹೊತ್ತಿಗೆ ಅವನ ಬದಲು ಅವನ ಕಂಬಳಿ ತಿರುಗಿ ಬಂತು. ತಂದುಕೊಟ್ಟ ಗುತ್ತೇದಾರನ ಆಳು, "ಅಲ್ಲೇ ಮಣ್ಣು ಮಾಡೇವಿ" ಎಂದಷ್ಟೇ ಹೇಳಿ ಹೋದನಂತೆ. ನಮ್ಮಲ್ಲಿ ಸತ್ತವರನ್ನು ಕುಣಿಯ ಗೋಡೆಯಲ್ಲಿ ಕಡಿದ ಗೂಡಿನಲ್ಲಿ ಕುಂದ್ರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. "ನಿಮ್ಮಪ್ಪನ್ನ ಕುಂದ್ರಿಸಿದ್ರೋ, ಮಲಗಿಸಿದ್ರೋ? ಅದೊಂದು ತಿಳಕೊಂಡು ಬಾರವ್ವ" ಎಂದು ಅವ್ವ ಕಳಿಸಿದಳು.

ಇಲ್ಲಿ ಜೋಳದ ರೊಟ್ಟಿಯಿಲ್ಲ, ಮೂರು ಹೊತ್ತೂ ಅನ್ನ. ಏನು ಕೇಳಿದರೂ ಜನ "ಎಂತ?" ಎನ್ನುತ್ತಾರೆ. ಮೊದಲು ಆ ಮಾತಿಗೇ ರೇಗುತ್ತಿತ್ತು. ಸಂಜೆ ಮಾತಾಡುವವರಿಲ್ಲದೆ ಗೋಡೆ ನೋಡುತ್ತ ಕೂತು ಎಷ್ಟೋ ಸಲ ಅತ್ತಿದ್ದೇನೆ.

ಹೆರಿಗೆಗಳನ್ನು ಬರೆಸಲು ಚಾವಡಿಗೆ ಹೋದಾಗಲೆಲ್ಲ ಶಾನಭೋಗ ಭಟ್ಟರನ್ನು ಕಾಡಿ, ಕೊನೆಗೂ ಹಳೇ ಮರಣದ ರಿಜಿಸ್ಟರು ತೆಗೆಸಿದೆ. ಅಪ್ಪ ಸತ್ತ ವರ್ಷದ ಹೋಳಿ ತಿಂಗಳಲ್ಲಿ ಮೂರು ಸಾವು. ಮೂರಕ್ಕೂ ಒಂದೇ ಬರಹ: ಕೂಲಿ, ಗಂಡಸು, ಒಂದು. ಜ್ವರ. ಪಕ್ಕದಲ್ಲಿ ವರದಿ ಕೊಟ್ಟ ಗುತ್ತೇದಾರನ ಹೆಸರು ಮಾತ್ರ ಅವನಪ್ಪನ ಹೆಸರಿನೊಂದಿಗೆ, 'ಶ್ರೀ' ಹಚ್ಚಿ, ದುಂಡಗೆ ಕೂತಿತ್ತು.

"ಇದರಲ್ಲಿ ನನ್ನ ಅಪ್ಪ ಯಾರು?" ಎಂದೆ.

"ಅದಕ್ಕೀಗ ಎಂತ ಮಾಡೂದು ಬಾಯಿ? ಕೂಲಿಯವರದ್ದು ಆಗ ಹಾಗೇ ಬರೀತಿದ್ರು."

"ನಿಮ್ಮಪ್ಪ ಸತ್ತಾಗ ಭಟ್ಟ, ಗಂಡಸು, ಒಂದು ಅಂತ ಬರೆದಿದ್ರಾ?" ಶಾನಭೋಗರ ಮುಖ ಕಪ್ಪಿಟ್ಟಿತು. ಕಪ್ಪಿಟ್ಟರೆ ಇಡಲಿ. ನನ್ನ ಹೊಟ್ಟೆಯುರಿ ಅವರಿಗೂ ತಟ್ಟಲಿ.

ಅಪ್ಪನ ಕಾಲದವರು ಯಾರಾದರೂ ಇದ್ದಾರಾ ಎಂದು ಕೇಳಿದಾಗ, ಗುಂಡಿಯಿಂದ ಕೂಗಿದ್ದ ಗರಗಸದವನೇ ಫಕೀರಜ್ಜನ ಗುಡಿಸಲು ತೋರಿಸಿದ. ಆ ಕಾಲದಲ್ಲಿ ಅಪ್ಪ ದಿಮ್ಮಿಯ ಮೇಲೆ, ಫಕೀರಜ್ಜ ಕೆಳಗೆ. ಹೊಟ್ಟು ಬಿದ್ದು ಬಿದ್ದು ಅವನ ಕಣ್ಣೆರಡೂ ಹೋಗಿವೆ. ನಾನು ಯಾರ ಮಗಳೆಂದು ಹೇಳಿದ್ದೇ ನನ್ನ ಮುಖ ತಡವಿದ.

"ಮಲಗಿಸಿದ್ವಿ ತಂಗಿ. ನಾವು ಕೊಯ್ಯೋ ಗುಂಡ್ಯಾಗ. ಗೂಡು ಕಡಿಯಾಕ ಅರ್ಧ ದಿನ ಕೊಡ್ರಿ ಅಂತ ಕಾಲು ಹಿಡದೆ. ಗುಂಡಿ ಹ್ಯಾಂಗೂ ಐತಲ್ಲ, ಮುಚ್ಚಿ ಕೆಲಸಕ್ಕ ಬಾ ಅಂದ ಆ ಹಲ್ಕಟ್ ಗುತ್ತೇದಾರ."

ಅರ್ಧ ದಿನ! ಅವನ ಬಾಯಿಗೆ ಮಣ್ಣು ಹಾಕ.

ಬದಲಿ ಮಾಡಿಸಿಕೊಂಡು ಬಾ ಎಂದು ಅವ್ವ ಕಾಗದ ಬರೆಸುತ್ತಲೇ ಇದ್ದಾಳೆ. ಊರಿನ ರೊಟ್ಟಿ ನೆನೆದರೆ ಇವತ್ತೇ ಬಸ್ಸು ಹತ್ತಬೇಕೆನಿಸುತ್ತದೆ. ಆದರೆ ಈಗ ಗರಗಸದವರಲ್ಲಿ ಯಾರೇ ಸತ್ತರೂ ಚಾವಡಿಗೆ ಹೋಗಿ ಹೆಸರು, ಅಪ್ಪನ ಹೆಸರು, ಊರು ಬರೆಸುವವಳು ನಾನು. ಹೋದ ತಿಂಗಳು ಫಕೀರಜ್ಜನದನ್ನೂ ಬರೆಸಿದೆ. ನಾನು ಹೊರಟರೆ ಮತ್ತೆ 'ಕೂಲಿ, ಗಂಡಸು, ಒಂದು' ಎಂದೇ ಬರೆಯುತ್ತಾರೆ.

ಅವ್ವನಿಗೆ ಓದಲು ಬಾರದು. ಊರಲ್ಲಿ ಈ ಬರಹವನ್ನು ಅವಳಿಗೆ ಓದಿ ಹೇಳುವವರೇ, ಕೈಮುಗಿಯುತ್ತೇನೆ, ಫಕೀರಜ್ಜನ ಮಾತು ಬಂದಾಗ 'ಕುಂದ್ರಿಸಿದ್ವಿ' ಎಂದು ಓದಿ.