ಕೊನೆಯ ಕಿಂಡಿಯ ಎರಡು ಹಲಗೆ

ಸಂಜೀವಣ್ಣ, ಆ ಎರಡು ಹಲಗೆಗಳನ್ನು ನೀವು ಮರೆತಿರಲಿಲ್ಲ. ನೀವು ತೆಗೆದಿಟ್ಟ ಮೇಲೆ ಅವನ್ನು ಮತ್ತೆ ಕಿಂಡಿಗೆ ಇಳಿಸಿದವಳು ನಾನು.

ಇಷ್ಟು ಬರೆದು ಕಿಟಕಿಯಿಂದ ಹೊರಗೆ ನೋಡುತ್ತೇನೆ. ಹೊಳೆ ದಾಟಲು ಕಟ್ಟುತ್ತಿರುವ ಹೊಸ ಸಂಕದ ಕಂಬಗಳು ಎದ್ದಿವೆ. ಕಾಂಕ್ರೀಟು ಕಲಸುವ ಸದ್ದು ನನ್ನ ಅಡುಗೆಮನೆಯವರೆಗೂ ಕೇಳುತ್ತದೆ. ಹಳೆಯ ಸಂಕ ಏಕೆ ಬಿತ್ತೆಂದು ಈಗ ಯಾರೂ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು — ಗೊತ್ತೆಂದು ನಂಬಿದ್ದಾರೆ. ನೀವೂ ನಂಬಿದ್ದೀರಿ. ನನಗೆ ಹೆಚ್ಚು ಭಯವಾಗುವುದು ಅದಕ್ಕೇ.

ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ನಮ್ಮದು ಬರೀ ಸಂಕವಾಗಿರಲಿಲ್ಲ. ಕೆಳಗೆ ಕಿಂಡಿ ಅಣೆಕಟ್ಟು, ಮೇಲೆ ಆಚೆ ದಡದ ಗದ್ದೆಗಳಿಗೂ ನಿಮ್ಮ ಮನೆಗೂ ಹೋಗುವ ದಾರಿ. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವುದು, ಮುಂದಿನ ಮಳೆ ಹಿಡಿಯುವ ಮೊದಲು ತೆಗೆದು ಹೊಳೆಗೆ ದಾರಿ ಬಿಡುವುದು — ಎರಡೂ ನಿಮ್ಮ ಕೆಲಸ. ಸಂಕ ಬಿದ್ದ ವರ್ಷವೂ ಮೇ ತಿಂಗಳಲ್ಲೇ ಎಲ್ಲವನ್ನೂ ತೆಗೆದು, ಕೆಸರು ತೊಳೆದು, ಗೋಳಿಮರದ ಬುಡದಲ್ಲಿ ಪೇರಿಸಿಟ್ಟಿರಿ. ನಾನು ನೋಡುತ್ತ ನಿಂತಿದ್ದೆ.

ನನ್ನ ಮಲ್ಲಿಗೆ ಗಿಡಗಳು ಮೊಗ್ಗು ಬಿಟ್ಟಿದ್ದವು. ಹೊಳೆ ತಗ್ಗಿ ಪಂಪು ಗಾಳಿ ಎಳೆಯುತ್ತಿತ್ತು. ಉಳಿದ ಕಿಂಡಿಗಳ ಬಾಯಿಗೆ ಮರಳು ಏರಿ, ಇದ್ದ ಸಣ್ಣ ಹರಿವೆಲ್ಲ ನನ್ನ ದಡದ ಕೊನೆಯ ಕಿಂಡಿಯಲ್ಲೇ ಹೋಗುತ್ತಿತ್ತು. ಒಂದು ಸಂಜೆ ಎರಡು ಹಲಗೆಗಳನ್ನು ಎಳೆದು ತಂದು ಅದಕ್ಕೆ ಇಳಿಸಿದೆ. ಬೆಳಿಗ್ಗೆ ಒಮ್ಮೆ ಗಿಡಗಳಿಗೆ ನೀರು ಬಿಟ್ಟು ತೆಗೆದುಬಿಡುವುದೆಂದು ಎಣಿಸಿದ್ದೆ. ನಿಮ್ಮನ್ನು ಕೇಳಲಿಲ್ಲ. ಕೇಳಿದರೆ ಬೇಡವೆನ್ನುತ್ತೀರೆಂದು ಗೊತ್ತಿತ್ತು.

ಆ ರಾತ್ರಿ ನಮ್ಮಲ್ಲಿ ಒಂದು ಹನಿ ಮಳೆಯೂ ಬೀಳಲಿಲ್ಲ. ಕಾರ್ಕಳದ ಆಚೆ, ಘಟ್ಟದ ಬುಡದಲ್ಲಿ ಸುರಿದಿರಬೇಕು. ಬೆಳಕು ಹರಿಯುವಾಗ ಹೊಳೆ ಕೆಂಪಾಗಿ ಬರುತ್ತಿತ್ತು. ಓಡಿದೆ. ಹಲಗೆಯ ಕೊಕ್ಕೆ ಹಿಡಿದು ಎಳೆದೆ — ಅಲುಗಲಿಲ್ಲ. ನೀರು ಅದನ್ನು ಒತ್ತಿ ಹಿಡಿದಿತ್ತು. ಒಂದು ದಿಮ್ಮಿ ಬಂದು ಅಡ್ಡ ನಿಂತಿತು. ಅದರ ಹಿಂದೆ ಬಿದಿರು, ಬಾಳೆ, ಕಸ. ನೀರು ಕಿಂಡಿ ಬಿಟ್ಟು ದಡದ ಮಣ್ಣನ್ನು ಕೊರೆಯತೊಡಗಿತು. ಕಾಲ ಕೆಳಗಿನ ಕಲ್ಲು ಸಣ್ಣಗೆ ನಡುಗಿತು. ಆಗ ನಾನು ಕೂಗಬೇಕಿತ್ತು. ಯಾರನ್ನಾದರೂ — ನಿಮ್ಮನ್ನು. ಕೂಗಿದರೆ ಹಲಗೆ ಯಾರು ಹಾಕಿದ್ದೆಂದು ಕೇಳುತ್ತಾರೆ. ಮನೆಗೆ ಬಂದು ಬಾಗಿಲು ಹಾಕಿಕೊಂಡೆ.

ನಿಮ್ಮ ಹೆಂಡತಿ ಲಲಿತಕ್ಕ ಡೇರಿಗೆ ಕೊಡುವ ಹಾಲಿನ ಕ್ಯಾನು ಹಿಡಿದು ಆಚೆ ದಡದಿಂದ ಹೊರಟದ್ದು ಕಿಟಕಿಯಿಂದ ಕಂಡಿತು. ಆಗಲೂ ಸಮಯವಿತ್ತು. ಬಾಯಿ ತೆರೆದೆ. ಸ್ವರ ಬರಲಿಲ್ಲ — ಇಲ್ಲ, ಹಾಗೆಂದರೆ ಸುಳ್ಳಾಗುತ್ತದೆ. ನಾನು ಸ್ವರ ತೆಗೆಯಲಿಲ್ಲ.

ಸಂಕದ ಕೊನೆಯ ತುಂಡು ಅವರ ಕಾಲಡಿಯಲ್ಲೇ ಕುಸಿಯಿತು. ಕಬ್ಬಿಣದ ಸರಳು ಕೈಗೆ ಸಿಕ್ಕಿದ್ದರಿಂದ ಜೀವ ಉಳಿಯಿತು. ಸೊಂಟ ಮತ್ತೆ ನೆಟ್ಟಗಾಗಲಿಲ್ಲ.

ನೀರು ಇಳಿದಾಗ ಆ ಹಲಗೆಗಳು ಕಿಂಡಿಯಲ್ಲೇ ಇದ್ದವು. ಊರವರೆಲ್ಲ ದಡದಲ್ಲಿ ಸೇರಿದ್ದರು.

“ಎಂತ ಮಾರಾಯ ಸಂಜೀವ, ಹೆಂಡತಿ ನಡೆಯುವ ದಾರಿಯದ್ದು ಸಹ ನೆನಪಾಗ್ಲಿಲ್ವಾ ನಿಂಗೆ?” ಎಂದು ಯಾರೋ ಚುಚ್ಚಿದರು.

“ತೆಗ್ದಿದ್ದೇನೆ ಮಾರಾಯ್ರೇ, ಎಲ್ಲ ತೆಗ್ದಿದ್ದೇನೆ,” ಎಂದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ. “ವಿಮಲಕ್ಕ, ನೀವು ನೋಡಿದ್ದೀರಲ್ವಾ?”

“ನಾನು ಆ ಕಡೆ ಬರ್ಲೇ ಇಲ್ಲ ಸಂಜೀವಣ್ಣ.”

ಅಷ್ಟೇ ನಾನು ಆಡಿದ ಮಾತು. ನೀವು ನನ್ನನ್ನು ತುಸು ಹೊತ್ತು ನೋಡಿ, ನಿಮ್ಮ ಕೈಗಳನ್ನು ನೋಡಿಕೊಂಡಿರಿ — ಅವು ಬೇರೆ ಯಾರದೋ ಎಂಬಂತೆ.

ಆಮೇಲೆ ಊರ ದೈವಸ್ಥಾನದ ನಡೆಯಲ್ಲಿ ನೀವು ತಪ್ಪುಕಾಣಿಕೆ ಇಟ್ಟಿರಿ. “ನನ್ನ ಮರೆವಿನಿಂದ ಆಯ್ತು, ಕ್ಷಮೆ ಉಂಟಾಗಬೇಕು,” ಎಂದು ಕೈಮುಗಿದಿರಿ. ನಾನು ಹೆಂಗಸರ ಸಾಲಿನಲ್ಲಿ ನಿಂತು ಪ್ರಸಾದ ತೆಗೆದುಕೊಂಡೆ. ಆ ಗಂಧ ಹಣೆಗೆ ಹಚ್ಚಲು ಧೈರ್ಯ ಬರಲಿಲ್ಲ, ಸೆರಗಿಗೆ ಒರೆಸಿದೆ. ಅಂದಿನಿಂದ ಮೊದಲ ಮಳೆ ಬಂದಾಗಲೆಲ್ಲ ಮರ ಕಲ್ಲಿಗೆ ಬಡಿಯುವ ಸದ್ದು ಕೇಳುತ್ತದೆ. ಎದ್ದು ಹೋಗಿ ನೋಡುವುದಿಲ್ಲ.

ಮರೆವಿಗೆಂದು ನೀವು ಮಣಿಪಾಲದ ಆಸ್ಪತ್ರೆಗೂ ಹೋಗಿ ಬಂದಿರಿ. ಏನೂ ಇಲ್ಲ ಎಂದರಂತೆ. “ಡಾಕ್ಟ್ರಿಗೆ ಸಿಕ್ಕಲಿಲ್ಲ ಅಷ್ಟೇ,” ಎಂದು ನಕ್ಕಿರಿ. ನನಗೂ ನಗಬೇಕಾಯಿತು.

ಮೊನ್ನೆ ಹೊಸ ಸಂಕದ ಸಭೆಯಲ್ಲಿ ಹಲಗೆಯ ಜವಾಬ್ದಾರಿ ಯಾರಿಗೆಂಬ ಮಾತು ಬಂತು. ಬಾಯಿ ತೆರೆದವರು ನೀವೇ. “ನನಗೆ ಬೇಡ. ವಿಮಲಕ್ಕ ನೋಡಿಕೊಳ್ಳಲಿ, ಅವರ ಮನೆ ಹತ್ತಿರ ಉಂಟು. ಅವರಿಗೆ ಮರೆವಿಲ್ಲ.” ಎಲ್ಲರೂ ಹೌದೆಂದರು. ನಾನು — ತಲೆಯಾಡಿಸಿಬಿಟ್ಟೆ.

ಹೌದು, ನನಗೆ ಮರೆವಿಲ್ಲ.

ಆ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ನಾಳೆ ಹೊಸ ಹಲಗೆಗಳ ಅಳತೆಗೆ ಎಲ್ಲರೂ ಹೊಳೆಬದಿಗೆ ಬರುವಾಗ, ಅವರೆದುರೇ ಹೇಳುತ್ತೇನೆ. ಅದಕ್ಕೂ ಮೊದಲು, ಇವತ್ತು ಸಂಜೆ, ನಿಮಗೆ ಮತ್ತು ಲಲಿತಕ್ಕನಿಗೆ ಹೇಳಬೇಕು. ನಾಲಿಗೆ ಮತ್ತೆ ಜಾರಿಕೊಂಡರೆ ಎಂದು ಬರೆದು ಹಿಡಿದುಕೊಂಡಿದ್ದೇನೆ. ಬಾಗಿಲು ತೆರೆಯುವವರು ಲಲಿತಕ್ಕನಾದರೆ — ನನಗೆ ತುಂಬ ಹೆದರಿಕೆಯಾಗುತ್ತಿದೆ, ಸಂಜೀವಣ್ಣ.

ಸಂಕ ಇನ್ನೂ ಆಗಿಲ್ಲ. ರಿಕ್ಷಾ ಹಿಡಿಯುವುದಿಲ್ಲ. ಹೆದ್ದಾರಿಯ ಸೇತುವೆ ಸುತ್ತಿ ನಡೆದೇ ಬರುತ್ತೇನೆ — ಲಲಿತಕ್ಕ ಮುರಿದ ಸೊಂಟ ಹೊತ್ತು, ಹಾಲಿನ ಕ್ಯಾನು ಹಿಡಿದು ಇಷ್ಟು ವರ್ಷ ನಡೆದ ದಾರಿಯಲ್ಲಿ.