ಎಮ್ಮೆಯ ಸರ್ಟಿಫಿಕೇಟು

ನಾನು ಮೂರು ವರ್ಷ ಸೊಳ್ಳೆ ಹಿಡಿದು ಹೊಟ್ಟೆ ಹೊರೆದವನು. ಹೊಳಲ್ಕೆರೆಯ ನಮ್ಮ ಮನೆಗೆ ಹೆಣ್ಣಿನ ಕಡೆಯವರು ಬಂದು “ಹುಡುಗ ಏನ್ ಕೆಲ್ಸ ಮಾಡ್ತಾನ್ರಿ?” ಎಂದು ಕೇಳಿದರೆ ಅಪ್ಪ “ಸಂಶೋಧನೆ” ಎನ್ನುತ್ತಿದ್ದರು. ಅಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. “ಸೊಳ್ಳೆ ಹಿಡೀತಾನೆ” ಎಂದುಬಿಡುತ್ತಿದ್ದಳು. ಬಂದವರು ಮಂಡಕ್ಕಿ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಸಿರಿಗೆರೆಗೆ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಮಾಡಿದ ಬಿಎಸ್ಸಿ ಯಾರ ಗಣನೆಗೂ ಬರುತ್ತಿರಲಿಲ್ಲ.

ಹಾಗೆ ನೋಡಿದರೆ ಅಮ್ಮ ಹೇಳಿದ್ದೂ ಪೂರ್ತಿ ನಿಜವಲ್ಲ. ಸಿಕ್ಕ ಸಿಕ್ಕ ಸೊಳ್ಳೆ ನನಗೆ ಬೇಕಿರಲಿಲ್ಲ. ಅರ್ಧ ಬಸುರಿಯಾದ ಹೆಣ್ಣು ಸೊಳ್ಳೆಯೇ ಬೇಕಿತ್ತು. ಮಲೇರಿಯಾ ಹರಡುವ ಸೊಳ್ಳೆಯಲ್ಲಿ ಒಳಜಾತಿಗಳಿವೆ. ಭೂತಗನ್ನಡಿ ಹಿಡಿದು ನೋಡಿದರೂ ಒಂದರ ಮುಖ ಇನ್ನೊಂದಕ್ಕೆ ಅಚ್ಚು ಹಾಕಿದಂತೆ. ಆದರೆ ಒಂದು ಇನ್ನೊಂದರ ಜೊತೆ ಕೂಡುವುದಿಲ್ಲ. ಒಂದಕ್ಕೆ ಮನುಷ್ಯರ ರಕ್ತವೂ ರುಚಿ, ಇನ್ನೊಂದು ದನ ಎಮ್ಮೆ ಸಿಕ್ಕರೆ ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಯಾವುದು ಯಾವುದೆಂದು ತಿಳಿಯಬೇಕಾದರೆ ಅರ್ಧ ಬಸುರಿಯ ಅಂಡಾಶಯ ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಅದರ ಕ್ರೋಮೋಸೋಮಿನ ಪಟ್ಟೆಗಳನ್ನು ಓದಬೇಕು. ಓದುವವರು ಚಿತ್ರದುರ್ಗದ ಪ್ರಯೋಗಾಲಯದಲ್ಲಿದ್ದ ನಮ್ಮ ಮೇಡಂ. ಬೆಳ್ಳಂಬೆಳಗ್ಗೆ ಕೊಟ್ಟಿಗೆಗಳಿಗೆ ನುಗ್ಗಿ, ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಗಾಜಿನ ಕೊಳವೆಯೊಳಕ್ಕೆ ಬಾಯಿಂದ ಎಳೆದುಕೊಳ್ಳುವವನು ನಾನು. ಕೊಳವೆಯ ನಡುವೆ ಒಂದು ತುಂಡು ಬಲೆ ಇರುತ್ತಿತ್ತು. ಅದು ಜಾರಿದ ದಿನ ತಿಂಡಿ ಬೇಕಾಗುತ್ತಿರಲಿಲ್ಲ.

ಹಿರಿಯೂರು ಕಡೆಯ ಬಬ್ಬೂರಿನಾಚೆ ಕಾಲುವೆಯ ಪಕ್ಕದ ಒಂದು ಹಳ್ಳಿಗೆ ಹೋದಾಗ ಅಲ್ಲಿ ಆಗಲೇ ತೀರ್ಪು ಆಗಿಹೋಗಿತ್ತು. ಒಂದೇ ಬೀದಿಯಲ್ಲಿ ಮೂವರಿಗೆ ಚಳಿಜ್ವರ ಬಂದಿತ್ತು. ಬೀದಿಯ ತುದಿಯಲ್ಲಿ ಒಬ್ಬ ಅಜ್ಜಿ, ಅವಳ ಕೊಟ್ಟಿಗೆ, ಅದರೊಳಗೆ ಒಂದು ಕೊಂಬು ಮುರಿದ ಎಮ್ಮೆ. ಸೊಳ್ಳೆಯೆಲ್ಲ ಆ ಎಮ್ಮೆಯಿಂದಲೇ ಎಂದು ಪಕ್ಕದ ಮನೆಯವರು ಸಾರಿದ್ದರು. ಅವರು ನಿವೃತ್ತ ಬಸ್ ಕಂಡಕ್ಟರು. ಮೊಮ್ಮಗಳು ಜ್ವರದಲ್ಲಿ ನಡುಗಿದ್ದನ್ನು ಕಣ್ಣಾರೆ ಕಂಡಿದ್ದರಿಂದ ಅವರ ಸಿಟ್ಟು ಸುಳ್ಳಲ್ಲ. ಅಮಾವಾಸ್ಯೆಯೊಳಗೆ ಎಮ್ಮೆ ಊರಾಚೆ ಹೋಗಬೇಕು ಎಂದು ಬೀದಿಯೇ ಹೇಳಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

“ಜಾಗ ಬದ್ಲಾದ್ರೆ ಅದು ಹಾಲು ಏರಿಸ್ಕಂಡು ನಿಂತ್ಬಿಡ್ತೈತೆ ಕಣಪ್ಪ,” ಎಂದಳು ಅಜ್ಜಿ. “ಹಾಲು ಕೊಡದ್ ಎಮ್ಮೇನ ಎಷ್ಟು ದಿನ ಮೇಯಿಸ್ಲಿ? ಮಾರ್ಬೇಕಾಗ್ತೈತೆ. ಕೊಂಬು ಮುರಿದಿದ್ದನ್ನ ಯಾರು ಸಾಕಾಕೆ ತಗಂತಾರೆ, ಹೇಳು.”

ಕಂಡಕ್ಟರು ಸರ್ಕಾರಿ ಸೇವೆಯಲ್ಲಿದ್ದವರು, ದಾಖಲೆ ಇಲ್ಲದೆ ಶಿಕ್ಷೆ ಕೊಡಲು ಅವರಿಗೂ ಮನಸ್ಸು ಒಪ್ಪುತ್ತಿರಲಿಲ್ಲ. “ಸೊಳ್ಳೆ ಆಫೀಸ್ನೋರೇ ಹೇಳ್ಲಿ ಬಿಡ್ರಿ” ಎಂದರು. ಒಳಜಾತಿಯ ವಿಷಯ ವಿವರಿಸಿದೆ. ತಲೆಯಾಡಿಸಿ ಕೇಳಿಸಿಕೊಂಡರು. “ಒಂದೇ ಊರು, ಒಂದೇ ನೀರು, ಒಂದೇ ಮುಖ. ಆದ್ರೆ ಹೆಣ್ಣು ಕೊಡಲ್ಲ, ತರಲ್ಲ. ಇದನ್ನ ತಿಳ್ಕಳಾಕೆ ದುರ್ಗದಾಗೆ ಅಷ್ಟು ದೊಡ್ಡ ಮಿಷನ್ ಯಾಕ್ರಿ? ನಮ್ಮೂರಾಗೆ ಎರಡು ದಿನ ಇದ್ದಿದ್ರೆ ಸಾಕಿತ್ತು.”

ಮಾರನೆಯ ಬೆಳಗ್ಗೆ ಆರಕ್ಕೆ ಟಾರ್ಚು ಹಿಡಿದು ಕೊಟ್ಟಿಗೆಗೆ ಹೋದೆ. ನೆಲ ಸಗಣಿ ಸಾರಿಸಿ ಲಕಲಕ ಎನ್ನುತ್ತಿತ್ತು. ಬಾಗಿಲಲ್ಲಿ ರಂಗೋಲಿ. ಮೂಲೆಯಲ್ಲಿ ಬೇವಿನ ಸೊಪ್ಪಿನ ಹೊಗೆ, ಹೊಗೆಯ ನಡುವೆ ಕೆಮ್ಮುತ್ತ ನಿಂತ ಎಮ್ಮೆ. ಒಂದೇ ಒಂದು ಸೊಳ್ಳೆ ಇಲ್ಲ.

“ಆಫೀಸ್ನೋರು ಬರ್ತಾರೆ ಅಂತ ನಾಕು ಗಂಟೆಗೇ ಎದ್ದೆ,” ಎಂದು ಅಜ್ಜಿ ಹಿಗ್ಗಿದಳು.

ಗೋಡೆಯ ಆಚೆಯಿಂದ ಕಂಡಕ್ಟರ ದನಿ ಬಂತು. “ಸಾಕ್ಷಿ ನಾಶ ಮಾಡವ್ಳೆ, ಬರ್ಕಳ್ರಿ.”

ಗುಡಿಸಬೇಡ, ಹೊಗೆ ಹಾಕಬೇಡ, ಸೊಳ್ಳೆ ಸಿಗದಿದ್ದರೆ ನಿನ್ನ ಎಮ್ಮೆ ಉಳಿಯುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿ ಬಂದೆ. ಹೂಂಗುಟ್ಟಿದಳು. ಎರಡನೆಯ ಬೆಳಗ್ಗೆ ಹೋದರೆ ಎಮ್ಮೆಗೆ ಮೈ ತೊಳೆದು ಹಣೆಗೆ ಅರಿಶಿನ ಕುಂಕುಮ ಇಟ್ಟಿದ್ದಳು. ಹೊಗೆ ಮಾತ್ರ ಸ್ವಲ್ಪ ಕಡಿಮೆ. “ಪೂರಾ ಹಂಗೇ ಬಿಡಾಕೆ ಮನಸ್ಸು ಬರ್ಲಿಲ್ಲ. ಸಗಣಿ ಮೇಲೆ ನಿಲ್ಸಿ ಬಂದೋರನ್ನ ಮಾತಾಡ್ಸಾಕೆ ಆಗ್ತೈತಾ?” ನನಗೆ ತಲೆ ಕೆಟ್ಟುಹೋಯಿತು. ಅಮಾವಾಸ್ಯೆಗೆ ಐದೇ ದಿನ ಉಳಿದಿತ್ತು. “ನಿನ್ನ ಮರ್ಯಾದೆಗೆ ಬೆಂಕಿ ಬೀಳ, ನಾನು ನೆಂಟ ಅಲ್ಲ ಅಜ್ಜಿ!” ಎಂದು ಕೂಗಿಬಿಟ್ಟೆ. ಅವಳ ಮುಖ ಸಣ್ಣದಾಯಿತು. ಕೂಗಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಕೊನೆಗೆ ಎಮ್ಮೆಯ ತಲೆ ಮುಟ್ಟಿಸಿ ಆಣೆ ಮಾಡಿಸಿಕೊಂಡೆ.

ಮೂರನೆಯ ಬೆಳಗ್ಗೆ ಕೊಟ್ಟಿಗೆ ಕೊಟ್ಟಿಗೆಯಂತೆ ನಾರುತ್ತಿತ್ತು. ಅಜ್ಜಿ ಅವಮಾನ ತಾಳದೆ ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ಗೋಡೆಯ ತುಂಬ ಸೊಳ್ಳೆ! ಅಷ್ಟು ಸಂತೋಷದಿಂದ ಸೊಳ್ಳೆಗಳನ್ನು ನೋಡಿದ್ದು ನಾನೊಬ್ಬನೇ ಇರಬೇಕು.

“ಅವೆಯಾ?” ಎಂದು ಒಳಗಿನಿಂದ ಕೇಳಿದಳು.

“ಬೇಕಾದಷ್ಟು ಅವೆ. ಅರ್ಧಕ್ಕರ್ಧ ಬಸುರಿ.”

ಬಾಗಿಲು ತುಸು ತೆರೆಯಿತು. “ಬಸುರೇರ್ನ ಹಿಡ್ಕಂಡು ಹೋಗಿ ಕೊಲ್ತೀಯೇನಪ್ಪ? ಪಾಪ ಬರಲ್ವಾ?”

ಎಮ್ಮೆಯ ಜೀವ ಉಳಿಯಬೇಕಾದರೆ ಅಷ್ಟು ಪಾಪ ಆಗಲೇಬೇಕು ಎಂದೆ. ಬಾಗಿಲು ಮತ್ತೆ ಮುಚ್ಚಿಕೊಂಡಿತು.

ಮೂರು ದಿನಕ್ಕೆ ಮೇಡಂ ಪಟ್ಟೆಗಳನ್ನು ಓದಿ ಮುಗಿಸಿದರು. ಎಲ್ಲವೂ ದನದ ರಕ್ತಕ್ಕೇ ಹಾತೊರೆಯುವ ಒಳಜಾತಿಯವೇ. ಹಾಗಾದರೆ ಎಮ್ಮೆಯದು ತಪ್ಪಿಲ್ಲ ಎಂದು ಒಂದು ಪತ್ರ ಕೊಡಿ ಎಂದು ಕೇಳಿದೆ. ಮೇಡಂ ಕನ್ನಡಕ ತೆಗೆದರು. “ಒಂದು ಕೊಟ್ಟಿಗೆ, ಒಂದು ಬೆಳಗ್ಗೆ. ಇಷ್ಟರಿಂದ ಏನೂ ಹೇಳೋಕಾಗಲ್ಲ. ಎಮ್ಮೆ ಇದ್ದರೆ ಸೊಳ್ಳೆ ಹೆಚ್ಚಬಹುದು, ಮನುಷ್ಯರಿಗೆ ಕಚ್ಚೋದು ಕಮ್ಮಿನೂ ಆಗಬಹುದು. ಗೊತ್ತಿಲ್ಲ ಅನ್ನೋದೇ ವಿಜ್ಞಾನ.” ಅವರು ಹೇಳಿದ್ದು ಸರಿ. ಆದರೆ ಮಾರನೆಯ ದಿನವೇ ಅಮಾವಾಸ್ಯೆ, ಗೊತ್ತಿಲ್ಲ ಎಂಬುದನ್ನು ಒಯ್ದು ಯಾವ ಗೂಟಕ್ಕೆ ಕಟ್ಟಲಿ?

ಹಿರಿಯೂರಿನ ಬಸ್ಸಿನಲ್ಲಿ ಕೂತು ನಾನೇ ಬರೆದೆ. “ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಪ್ಪು ಬಣ್ಣದ, ಎಡಗೊಂಬು ಮುರಿದ ಸದರಿ ಎಮ್ಮೆಯ ಕೊಟ್ಟಿಗೆಯಲ್ಲಿ ದೊರೆತ ಸೊಳ್ಳೆಗಳು ಮನುಷ್ಯರಿಗಿಂತ ಸದರಿ ಎಮ್ಮೆಯನ್ನೇ ಹೆಚ್ಚು ಇಷ್ಟಪಡುವ ಜಾತಿಯವಾಗಿರುತ್ತವೆ.” ಅದರಲ್ಲಿ ಸುಳ್ಳಿಲ್ಲ. ಚೀಲದಲ್ಲಿದ್ದ ಒಂದೇ ಸೀಲು ‘ಮಾದರಿ ಸ್ವೀಕರಿಸಲಾಗಿದೆ’ ಎಂಬುದು. ಓದಲು ಬಾರದಷ್ಟು ಅಡ್ಡಾದಿಡ್ಡಿಯಾಗಿ ಅದನ್ನೇ ಒತ್ತಿದೆ.

ಕಂಡಕ್ಟರು ಅರಳಿಕಟ್ಟೆಯ ಮೇಲೆ ನಿಂತು ಓದಿದರು. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಿ, ಸೊಳ್ಳೆಪರದೆ ಕಟ್ಟಿ, ಕಾಲುವೆ ಪಕ್ಕದ ಗುಂಡಿ ಮುಚ್ಚಿ ಎಂದು ನಾನು ಹೇಳುತ್ತಲೇ ಇದ್ದೆ. ಯಾರ ಕಿವಿಗೂ ಬೀಳಲಿಲ್ಲ. ಕಂಡಕ್ಟರು ಕಾಗದದಿಂದ ತಲೆ ಎತ್ತಿದರು.

“ಅಂದ್ರೆ ಇವಕ್ಕೆ ಎಮ್ಮೆ ಅಂದ್ರೆ ಆಸೆ?”

“ಹೌದು.”

“ಎಮ್ಮೆ ಊರಾಚೆ ಹೋದ್ರೆ, ಹಸಿವಾದಾಗ ಇವು ಎಲ್ಲಿಗೆ ಹೋಗ್ತಾವೆ?”

ಮೇಡಂ ನೆನಪಾದರು. ಅಜ್ಜಿ ನನ್ನ ಬಾಯನ್ನೇ ನೋಡುತ್ತಿದ್ದಳು. “ಪಕ್ಕದ ಮನೆಗೆ,” ಎಂದೆ.

ಪಕ್ಕದ ಮನೆಯವರು ಕಾಗದ ಮಡಿಚಿ ಜೇಬಿಗಿಟ್ಟುಕೊಂಡರು. ಎಮ್ಮೆ ಉಳಿಯಿತು. ಮುಂದಿನ ವಾರ ಬೀದಿಯ ಮೇಲ್ತುದಿಯವರು ನಮ್ಮ ಮನೆ ಮುಂದೆಯೂ ಎರಡು ದಿನ ಕಟ್ಟಲಿ ಎಂದು ಜಗಳ ತೆಗೆದರಂತೆ.

ಮೇಡಂಗೆ ಸುದ್ದಿ ಮುಟ್ಟಿ ನನಗೆ ಚೆನ್ನಾಗಿ ಉಗಿದರು. ಮಳೆಗಾಲ ಕಳೆದು ಮತ್ತೆ ಅಲ್ಲಿಗೆ ಹೋದಾಗ ಕೊಟ್ಟಿಗೆ ಫಳಫಳ, ರಂಗೋಲಿ, ಹೊಗೆ. ಎಮ್ಮೆಯ ತಲೆಯ ಮೇಲುಗಡೆ, ಅಂದು ಕಂಡಕ್ಟರ ಜೇಬು ಸೇರಿದ್ದ ನನ್ನ ಕಾಗದ ಕಟ್ಟು ಹಾಕಿಸಿಕೊಂಡು ತೂಗುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಒಂದು ಸ್ಟೀಲ್ ಡಬ್ಬಿ ತಂದು ಕೈಗಿಟ್ಟಳು.

“ನೀನು ಬೈತೀಯ ಅಂತ ಗೊತ್ತಿತ್ತು. ಗುಡಿಸೋಕ್ ಮುಂಚೇನೇ ಹಿಡಿದಿಟ್ಟೀನಿ.”

ಒಳಗೆ ವೀಳ್ಯದೆಲೆಯ ಮೇಲೆ ಚಿಟಿಕೆ ಸಕ್ಕರೆ, ಸಕ್ಕರೆಯ ಪಕ್ಕ ಅಪ್ಪಚ್ಚಿಯಾದ ಏಳು. ನನ್ನ ಕೆಲಸಕ್ಕೆ ಬಾರದ ಆರು ಚರಂಡಿ ಸೊಳ್ಳೆ, ಒಂದು ನೊಣ.

“ಹೊಟ್ಟೆ ದಪ್ಪ ಇದ್ದವನ್ನೆಲ್ಲ ಬಿಟ್ಬಿಟ್ಟೆ ಕಣಪ್ಪ,” ಎಂದಳು. “ಎಮ್ಮೆ ಉಳೀತಲ್ಲ. ಇನ್ನ ನಿನಗೂ ಪಾಪ ಬ್ಯಾಡ.”

ರಿಜಿಸ್ಟರು ತೆಗೆದು ಬರೆದುಕೊಂಡೆ. ‘ಮಾದರಿ ಸ್ವೀಕರಿಸಲಾಗಿದೆ’ ಎಂದು ಈ ಸಲ ನೆಟ್ಟಗೆ ಸೀಲು ಒತ್ತಿದೆ. ಹೊರಗೆ ಕಂಡಕ್ಟರು ಎಮ್ಮೆಗೆಂದು ಜೋಳದ ಸೊಪ್ಪೆಯ ಹೊರೆ ಹೊತ್ತು ನಿಂತಿದ್ದರು.

“ಸಿಕ್ಕವಾ ಸಾರ್? ಎಲ್ಲಾ ಎಮ್ಮೇವೇನಾ?”

“ಎಮ್ಮೇವೇ,” ಎಂದೆ. ಒಂದರ ಮಟ್ಟಿಗಂತೂ ಅದು ನಿಜ. ನೊಣ ಎಮ್ಮೆಯದೇ.